ಮುದ್ದೆ ಮಿಷಿನ್ನು ಬಂದ ಚಳಿಗಾಲ

ಹೋದ ತಿಂಗಳು ನಾಗಮಂಗಲದಲ್ಲಿ ಒಂದು ಬೀಗರೂಟಕ್ಕೆ ಹೋಗಿದ್ದೆವು. ಎರಡನೇ ಪಂಕ್ತಿಗೆ ಕೂತಾಗ ಹಿಂದುಗಡೆಯ ಅಡುಗೆ ಶೆಡ್ಡಿನಿಂದ ಒಂದು ವಾಸನೆ ಬಂತು ನೋಡಿ, ಬಿಸಿ ರಾಗಿಹಿಟ್ಟಿನ ಹಬೆಗೆ ಕಾದ ಮೋಟರಿನ ವಾಸನೆ ಬೆರೆತದ್ದು. ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತೇನೆ, ಅದು ಮುದ್ದೆ ಮಿಷಿನ್ನು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರ ಮುಖ ನೋಡಿದೆ. ಮನುಷ್ಯ ತಲೆ ಬಗ್ಗಿಸಿಕೊಂಡು ಎಲೆಯ ತುದಿಯ ಉಪ್ಪನ್ನೇ ನೋಡುತ್ತಾ ಕೂತಿದ್ದರು.

"ಏನ್ರೀ, ವಾಸ್ನೆ ಬಂತಾ?" ಅಂದೆ.

"ಸುಮ್ನೆ ಉಣ್ಣೇ, ಜನ ನೋಡ್ತಾವ್ರೆ" ಅಂದರು.

ಎದುರು ಸಾಲಿನ ಹೆಂಗಸರು ನಿಜವಾಗಿಯೂ ನೋಡುತ್ತಿದ್ದರು. ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಲೇ ಇದ್ದೆ. ಆಮೇಲೆ ಮುದ್ದೆ ಬಂತು, ಎಲ್ಲಾ ಎಲೆಗೂ ಒಂದೇ ಅಚ್ಚಿನವು. ಮುರಿದು ಬಾಯಿಗಿಟ್ಟ ಮೇಲೆ ನಗು ನಿಂತುಹೋಯಿತು. ಸಾಕಕ್ಕನ ನೆನಪು ಬಂದುಬಿಟ್ಟಿತು.

ನಮ್ಮದು ಪಾಂಡವಪುರದಲ್ಲಿ ಒಂದು ಮುದ್ದೆ ಹೋಟೆಲು. ಎಂಟು ಟೇಬಲ್ಲು, ಒಂದು ಗಲ್ಲಾ, ಗಲ್ಲಾದ ಹಿಂದೆ ಜಯಮ್ಮ ಅನ್ನೋ ನಾನು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಊಟ. ಮುದ್ದೆ, ಸೊಪ್ಪಿನ ಬಸ್ಸಾರು ಇಲ್ಲವೇ ಹುರುಳಿಕಾಳಿನ ಸಾರು, ಒಂದಿಷ್ಟು ಅನ್ನ, ಮಜ್ಜಿಗೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಎಲೆಗೆ ಇಷ್ಟು ಅಂತ ಕಾಸು, ಮುದ್ದೆಯನ್ನ ಎಣಿಸೋ ಹಾಗಿಲ್ಲ. ಮೊದಲನೇ ಮುದ್ದೆ ಮುಗಿದ ಮೇಲೆ ಬಡಿಸೋರು "ಇನ್ನರ್ಧ?" ಅಂತ ಕೇಳಲೇಬೇಕು. ಉಣ್ಣೋರು "ಬ್ಯಾಡ ಬ್ಯಾಡ" ಅಂತ ಎರಡು ಸಲ ಕೈ ಅಡ್ಡ ಹಿಡೀಬೇಕು. ಮೂರನೇ ಸಲ ಕೈ ತೆಗೀಬೇಕು. ಇದನ್ನ ಕೇಳದ ಹೋಟೆಲಿಗೆ ಮಂಡ್ಯ ಸೀಮೆಯೋನು ಇನ್ನೊಂದು ಸಲ ಕಾಲಿಡೋದಿಲ್ಲ, ಸಾರು ಅಮೃತ ಆಗಿದ್ದರೂ.

ಇಷ್ಟು ಧಾರಾಳ ಮಾಡಿಯೂ ನಾವು ಬಾಗಿಲು ಹಾಕಿಕೊಂಡು ಹೋಗದೆ ಉಳಿದದ್ದು ಸಾಕಕ್ಕನಿಂದ. ಅವಳು ತೊಣ್ಣೂರಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗೋಳು. ಹದಿನೇಳು ವರ್ಷ ನಮ್ಮ ಹೋಟೆಲಿನ ಮುದ್ದೆ ಅವಳ ಕೈಯದೇ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ ಇದೆ, ತಟ್ಟೆ ದಾಟಿಸೋದಕ್ಕೆ. ಸಾಕಕ್ಕ ಉಂಡೆ ಕಟ್ಟೋ ಮುಂಚೆ ಆ ಕಿಂಡಿಯಲ್ಲಿ ಒಂದು ಸಲ ಬಗ್ಗಿ ನೋಡೋಳು. ಯಾರು ಬಂದವರೆ, ಗದ್ದೆಯಿಂದ ಬಂದವರೋ ಆಫೀಸಿಂದ ಬಂದವರೋ, ಮುಖ ಬಾಡಿದೆಯೋ, ಹಸಿದು ಕೂತವರೋ ಹೊತ್ತಾಯಿತು ಅಂತ ಕೂತವರೋ, ಎಲ್ಲ ಒಂದು ನೋಟಕ್ಕೆ. ಆಮೇಲೆ ಕೈ ತಣ್ಣೀರಿಗೆ ಅದ್ದಿ ಅವರವರ ಹೊಟ್ಟೆಗೆ ತಕ್ಕ ಹಾಗೆ ಕಟ್ಟೋಳು.

ಕ್ಯಾತನಹಳ್ಳಿಯ ಬೋರೇಗೌಡ ಅಂತ ಒಬ್ಬ ಬರೋನು, ಟ್ರಾಕ್ಟರಿಗೆ ಕಬ್ಬು ತುಂಬೋ ಆಳು. ಅವನಿಗೆ ಎಳನೀರು ಗಾತ್ರದ್ದು. ತಾಲ್ಲೂಕು ಕಚೇರಿಯ ಗುಮಾಸ್ತರು ರಾಜಪ್ಪನವರು, ಸಕ್ಕರೆ ಕಾಯಿಲೆಯವರು, ಅವರಿಗೆ ಕಿತ್ತಳೆ ಹಣ್ಣಿನಷ್ಟು. ಇಬ್ಬರೂ ಕೊಡೋದು ಎಂಬತ್ತು ರೂಪಾಯಿ. ಇಬ್ಬರಿಗೂ ಹೊಟ್ಟೆ ತುಂಬೋದು, ಇಬ್ಬರೂ ಎಲೆಯಲ್ಲಿ ಒಂದು ಚೂರು ಬಿಡುತ್ತಿರಲಿಲ್ಲ. ರಾಜಪ್ಪನವರ ಕಿತ್ತಳೆ ಹಣ್ಣಿನಲ್ಲಿ ಉಳಿದ ಹಿಟ್ಟು ಬೋರೇಗೌಡನ ಎಳನೀರಿಗೆ ಹೋಗುತ್ತಿತ್ತು ಅನ್ನೋದು ಅವರಿಗೂ ಗೊತ್ತಿರಲಿಲ್ಲ, ಪಿಯುಸಿ ಕಾಮರ್ಸು ಓದಿ ಗಲ್ಲಾದ ಮೇಲೆ ಕೂತಿದ್ದ ನನಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಒಂದೇ, ರಾಗಿ ರೇಟು ಏರುತ್ತೆ, ಗ್ಯಾಸು ಏರುತ್ತೆ, ಆದರೆ ಊಟದ ರೇಟು ಏರಿಸಕ್ಕೆ ಹೋದರೆ ದೊಡ್ಡ ಪಂಚಾಯ್ತಿ. ಎಪ್ಪತ್ತೈದನ್ನ ಎಂಬತ್ತು ಮಾಡಿದ ದಿನ ಬೋರೇಗೌಡ ಗಲ್ಲಾದ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. "ಏನಕ್ಕಾ, ರಾಗಿ ಬೆಳೆಯೋರು ನಾವು, ತಿರುಗ್ಸಿ ನಮ್ಗೇ ಏರಿಸ್ತೀಯಲ್ಲಾ, ನಿಂಗೆ ನ್ಯಾಯ್ವಾ?" ಅಂದ. ಅವನು ತುಂಬೋದು ಕಬ್ಬು. ಆದರೂ ಒಂದು ತಿಂಗಳು ನಾನು ಎಲ್ಲರ ಹತ್ತಿರ ತಪ್ಪು ಮಾಡಿದೋಳ ಹಾಗೆ ಮಾತಾಡಿಕೊಂಡು ಓಡಾಡಿದೆ.

ಆ ವರ್ಷ ದೀಪಾವಳಿ ಕಳೀತಿದ್ದ ಹಾಗೆ ಚಳಿ ಹಿಡಿದುಕೊಂಡಿತು. ಬೆಳಿಗ್ಗೆ ಎಂಟಾದರೂ ರಸ್ತೆಯಲ್ಲಿ ಮಂಜು, ಮಂಜಿನೊಳಗೆ ಕಬ್ಬಿನ ಟ್ರಾಕ್ಟರುಗಳ ಸದ್ದು. ನಮ್ಮ ಯಜಮಾನರು, ಹೆಸರು ಚಲುವೇಗೌಡ, ಕೆ.ಆರ್. ಪೇಟೆಗೆ ಯಾರದೋ ಗೃಹಪ್ರವೇಶಕ್ಕೆ ಹೋದರು. ಹೋಗುವಾಗ ನೆಟ್ಟಗಿದ್ದ ಮನುಷ್ಯ ಬರುವಾಗ ಬೇರೆಯೇ ಆಗಿ ಬಂದರು. ಅಲ್ಲಿ ಒಂದು ಹೋಟೆಲಿನಲ್ಲಿ ಮುದ್ದೆ ಮಾಡೋ ಮಿಷಿನ್ನು ನೋಡಿದ್ದರು.

"ಗಂಟೆಗೆ ಇನ್ನೂರು ಕಣೇ! ಇನ್ನೂರು!" ಅಂದರು, ಚಪ್ಪಲಿ ಕೂಡ ಬಿಡದೆ.

"ನಮ್ಮಲ್ಲಿ ದಿನಕ್ಕೇ ಇನ್ನೂರು ಜನ ಬರಲ್ವಲ್ರೀ?"

"ಬತ್ತಾರೆ. ರೇಟ್ ಇಳಿಸಿದ್ರೆ ಬತ್ತಾರೆ."

ಅಡುಗೆಮನೆಯ ಗೋಡೆ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದರು. ಸಾಕಕ್ಕನ ಸಂಬಳ ಉಳೀತು. ಗ್ಯಾಸು ಉಳೀತು. ಹೊತ್ತು ಉಳೀತು. ಊಟಕ್ಕೆ ಹತ್ತು ರೂಪಾಯಿ ಇಳಿಸಿದರೂ ಲಾಭ. ಆಗ ಸಾಕಕ್ಕ ಊರಿಗೆ ಹೋಗಿಯಾಗಿತ್ತು, ಅವಳಿಗೆ ಓದೋಕೂ ಬರುತ್ತಿರಲಿಲ್ಲ, ಇಲ್ಲದಿದ್ದರೆ ಗೋಡೆ ಮೇಲೆ ಅವಳ ಹೆಸರು ಬರೆಯೋ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು. ಸುಳ್ಳು ಯಾಕೆ ಹೇಳಲಿ, ಆ ಲೆಕ್ಕ ನನಗೂ ಇಷ್ಟವಾಯಿತು. ರೇಟು ಇಳಿಸೋದು ಅಂದರೆ ಬೋರೇಗೌಡನ ಬಾಯಿ ಮುಚ್ಚಿಸೋದು. "ಸಂಬಳ ಉಳೀತು" ಅನ್ನೋ ಸಾಲನ್ನ ನಾನು ಓದಿದೆ, ಓದಿ ದಾಟಿಬಿಟ್ಟೆ.

ಮಿಷಿನ್ನು ಕಂತಿನ ಮೇಲೆ ಬಂತು. ಗೂಡ್ಸ್ ಆಟೋದಿಂದ ಇಳಿಸುವಾಗ ನೋಡಿದರೆ ಮದುವೆ ಹೆಣ್ಣಿಗೆ ಕೊಡೋ ಬೀರುವಿನಷ್ಟು ಎತ್ತರ. ಮೇಲೆ ಅಗಲ ಬಾಯಿ, ಅದರೊಳಗೆ ನೀರು ಹಿಟ್ಟು ಹಾಕಿದರೆ ತಾನೇ ಕಾಯಿಸಿ ತಿರುವುತ್ತೆ. ಪಕ್ಕದ ತೂತಿನಿಂದ ಮುದ್ದೆ ಉರುಳಿಕೊಂಡು ಬಂದು ತಟ್ಟೆಗೆ ಬೀಳುತ್ತೆ. ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟು, ನಮ್ಮ ಯಜಮಾನರು ಸ್ವಿಚ್ಚು ಒತ್ತಿದರು. ನಮ್ಮ ಹೋಟೆಲಿನ ಫ್ಯೂಸೂ ಹೋಯಿತು, ಪಕ್ಕದ ದರ್ಜಿ ಅಂಗಡಿಯ ಫ್ಯೂಸೂ ಹೋಯಿತು. ದರ್ಜಿ ಅರ್ಧ ಹೊಲಿದ ರವಿಕೆ ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಅವನಿಗೆ ಮಂಗಳಾರತಿ ಕೊಟ್ಟು ಕಳಿಸಿದೆವು. ವೈರಿಂಗ್ ಬದಲಾಯಿಸಿದ್ದೇ ಒಂದು ಖರ್ಚು, ಅದು ಗೋಡೆಯ ಲೆಕ್ಕದಲ್ಲಿ ಇರಲಿಲ್ಲ.

ಎರಡನೇ ದಿನ ಮಿಷಿನ್ನು ಓಡಿತು. ಮೊದಲನೇ ಮುದ್ದೆ ಥಪ್ ಅಂತ ಬಿತ್ತು, ಎರಡನೆಯದು, ಮೂರನೆಯದು. ನಮ್ಮ ಯಜಮಾನರ ಕಣ್ಣಲ್ಲಿ ನೀರು. ಸಾಕಕ್ಕ ಒಂದನ್ನ ಎತ್ತಿಕೊಂಡು, ಬೆರಳಲ್ಲಿ ಒತ್ತಿ, ಮುರಿದು ನೋಡಿದಳು.

"ಗಂಟಿಲ್ಲ. ಬೆಂದದೆ" ಅಂದಳು. ಅವಳು ಯಾರ ಮುದ್ದೆಯನ್ನೂ ಅಷ್ಟು ಹೊಗಳಿದ್ದನ್ನ ನಾನು ಕೇಳಿರಲಿಲ್ಲ. ಆಮೇಲೆ ಮಿಷಿನ್ನಿನ ಸುತ್ತ ಒಂದು ಸುತ್ತು ಬಂದು ಕೇಳಿದಳು: "ಇದ್ಕೆ ಕಣ್ಣೆಲ್ಲದೆ?"

"ಕಣ್ಯಾಕಕ್ಕ ಇದ್ಕೆ? ಬಟನ್ ಐತಲ್ಲ" ಅಂದರು ಇವರು.

ಹೊರಗೆ ಬೋರ್ಡು ಹಾಕಿದೆವು, "ಊಟ ಎಂಬತ್ತಿದ್ದದ್ದು ಈಗ ಎಪ್ಪತ್ತು ಮಾತ್ರ". ಊರಲ್ಲಿ ರೇಟು ಇಳಿಸಿದ ಹೋಟೆಲು ಅಂತ ನಮ್ಮದೊಂದೇ. ಜನ ಬಂದರು. ಬೋರೇಗೌಡ ಬಂದ. ಬಂದು ಕೂತು, ತಟ್ಟೆಯ ಮುದ್ದೆಯನ್ನ ಅಂಗೈ ಮೇಲೆ ಇಟ್ಟುಕೊಂಡು ತೂಗಿದ.

"ಅಕ್ಕಾ, ಇದು ಉಣ್ಣಕ್ಕೆ ಕೊಟ್ಟಿರೋದಾ, ದೃಷ್ಟಿ ತೆಗಿಯಕ್ಕಾ?"

"ಎಲ್ರಿಗೂ ಒಂದೇ ಅಳತೆ ಕಣಪ್ಪ. ಇನ್ನೊಂದು ಹಾಕಿಸ್ಕೋ."

ಹಾಕಿಸಿಕೊಂಡ. ಇನ್ನೊಂದು, ಆಮೇಲೆ ಮತ್ತೊಂದು. ಮೊದಲು ಒಂದೂವರೆ ಮುದ್ದೆಗೆ ಏಳುತ್ತಿದ್ದ ಮನುಷ್ಯ, ಸಣ್ಣದು ಬಂತಲ್ಲ ಅನ್ನೋ ರೋಷಕ್ಕೇ ನಾಲ್ಕು ಉಂಡ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗಾಯಿತು. ಪಕ್ಕದ ಟೇಬಲ್ಲಿನಲ್ಲಿ ರಾಜಪ್ಪನವರು ಅದೇ ಮುದ್ದೆಯನ್ನ ಹಾವು ನೋಡಿದ ಹಾಗೆ ನೋಡುತ್ತಾ ಕೂತಿದ್ದರು.

"ಜಯಮ್ನೋರೇ, ಇಷ್ಟು ದೊಡ್ಡದು ನನಗೆ ಆಗಲ್ಲಾರೀ. ಡಾಕ್ಟರು ಬೈತಾರೆ."

"ಅರ್ಧ ಬಿಡಿ ಸಾರ್."

"ಅನ್ನ ಬಿಡಬಾರದು ಅಂತ ನಮ್ಮವ್ವ ಹೇಳಿಕೊಟ್ಟವಳೆ" ಅಂದು ಕಷ್ಟಪಟ್ಟು ಪೂರ್ತಿ ನುಂಗಿದರು. ಮಾರನೇ ದಿನ ರಜೆ ಹಾಕಿದರಂತೆ. ಆಮೇಲೆ ನಮ್ಮ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಅವರ ಹಿಂದೆಯೇ ಬ್ಯಾಂಕಿನವರು, ಮೇಷ್ಟ್ರುಗಳು, ಕಮ್ಮಿ ಉಣ್ಣೋರೆಲ್ಲ ಒಬ್ಬೊಬ್ಬರಾಗಿ ಇಡ್ಲಿ ಹೋಟೆಲಿಗೆ ಜಾರಿಕೊಂಡರು.

ಇತ್ತ ಎಪ್ಪತ್ತು ರೂಪಾಯಿಗೆ ಎಷ್ಟು ಬೇಕಾದರೂ ಮುದ್ದೆ ಅನ್ನೋ ಸುದ್ದಿ ಕಬ್ಬಿನ ಗದ್ದೆ ಗದ್ದೆಗೂ ಹೋಯಿತು. ಸುತ್ತಮುತ್ತ ಹೊಟ್ಟೆ ದೊಡ್ಡದಿದ್ದ ಗಂಡಸರೆಲ್ಲ ನಮ್ಮಲ್ಲೇ. ಹೋಟೆಲಿನ ಮುಂದೆ ಟ್ರಾಕ್ಟರುಗಳ ಸಾಲು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತಾ "ನೋಡ್ದಾ ಜನ! ನೋಡ್ದಾ!" ಅನ್ನೋರು. ನಾನು ನೋಡುತ್ತಿದ್ದದ್ದು ರಾಗಿ ಮೂಟೆ. ಎಂಟು ದಿನ ಬರುತ್ತಿದ್ದ ಮೂಟೆ ಐದನೇ ದಿನಕ್ಕೆ ತಳ ಕಾಣುತ್ತಿತ್ತು.

ಇನ್ನರ್ಧದ ಕಥೆ ಇನ್ನೂ ಚೆನ್ನ. ಬಡಿಸೋರು ಪದ್ಧತಿಯಂತೆ "ಇನ್ನರ್ಧ?" ಅಂತ ಕೇಳೋದು. ಮಿಷಿನ್ನಿಗೆ ಅರ್ಧ ಗೊತ್ತಿಲ್ಲ. ಒಂದನ್ನ ಮುರಿದು ಅರ್ಧ ಬಡಿಸಿದರೆ ಉಳಿದರ್ಧ ತಟ್ಟೆಯಲ್ಲಿ ಆರಿ, ಒಣಗಿ, ಕಲ್ಲಾಗೋದು. ಸಂಜೆ ಹೊತ್ತಿಗೆ ಒಂದು ಕುಕ್ಕೆ ತುಂಬಾ ಅರ್ಧ ಮುದ್ದೆ. ಹಿಂದಿನ ಬೀದಿಯ ಎಮ್ಮೆಗಳು ನಾಲ್ಕು ಗಂಟೆಗೆ ಸರಿಯಾಗಿ ಬಂದು ಹಿತ್ತಲ ಬಾಗಿಲಲ್ಲಿ ನಿಲ್ಲೋವು. ಆ ಚಳಿಗಾಲದಲ್ಲಿ ನಮ್ಮ ಮಿಷಿನ್ನಿನಿಂದ ನಿಜವಾಗಿ ಉದ್ಧಾರ ಆದದ್ದು ಆ ಎಮ್ಮೆಗಳು.

ಇಷ್ಟರ ನಡುವೆ ಸಾಕಕ್ಕ ದಿನಾ ಬರುತ್ತಲೇ ಇದ್ದಳು. ಯಾಕೆ ಅಂದರೆ ಅವಳಿಗೆ ಬರಬೇಡ ಅಂತ ಯಾರೂ ಹೇಳಿರಲಿಲ್ಲ. ಗೋಡೆಯ ಲೆಕ್ಕ ಪೂರ್ತಿ ನಿಂತಿದ್ದದ್ದು ಅವಳ ಸಂಬಳದ ಮೇಲೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ಹೀಗಾಗಿ ಮಿಷಿನ್ನಿನ ಕಂತೂ ಕಟ್ಟಿದೆವು, ಕರೆಂಟಿನ ಬಿಲ್ಲೂ ಕಟ್ಟಿದೆವು, ಸಾಕಕ್ಕನ ಸಂಬಳವನ್ನೂ ಕೊಟ್ಟೆವು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು.

ಅವಳಾದರೂ ಸುಮ್ಮನೆ ಕೂರೋಳಾ? ಮಿಷಿನ್ನಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ತೂತಿನಿಂದ ಮುದ್ದೆ ಬೀಳೋದನ್ನೇ ಕಾಯೋಳು. ಬಿದ್ದ ತಕ್ಷಣ ಎತ್ತಿಕೊಂಡು, ಕಿಂಡಿಯಲ್ಲಿ ಬಗ್ಗಿ ನೋಡಿ, ಇದರಿಂದ ಒಂದು ಚೂರು ಕಿತ್ತು ಅದಕ್ಕೆ ಸೇರಿಸಿ, ಮತ್ತೆ ಉಂಡೆ ಕಟ್ಟೋಳು. ಅವಳ ಕೈಗೆ ಸಿಕ್ಕಷ್ಟು ಮುದ್ದೆ ಸರಿಹೋಗೋದು, ಆದರೆ ಗಂಟೆಗೆ ಇನ್ನೂರು ಬೀಳೋದನ್ನ ಎರಡು ಕೈ ಎಷ್ಟು ಹಿಡಿದಾವು. ಒಂದು ದಿನ ಯಜಮಾನರು ನೋಡಿಬಿಟ್ಟರು.

"ಸಾಕಕ್ಕ, ಮಿಷಿನ್ ಮಾಡಿರೋದ್ನ ಇನ್ನೊಂದ್ ಕಿತ ಯಾಕಕ್ಕ ಕಟ್ತೀಯ?"

"ಅದು ಕುಲ್ಡು ಕಣ್ ಚಲುವಣ್ಣ. ಯಾರಿಗೆ ಇಕ್ತಾ ಇವ್ನಿ ಅಂತ ಅದ್ಕೆ ಗೊತ್ತಿಲ್ಲ. ನಾನೊಂದೀಟು ಸರಿ ಮಾಡ್ತಿವ್ನಿ ಬುಡು."

ಧನುರ್ಮಾಸದಲ್ಲಿ ಎರಡನೇ ಕಂತು ಕಟ್ಟೋಕೆ ಆಗಲಿಲ್ಲ. ರಾತ್ರಿ ಊಟ ಸೇರಲಿಲ್ಲ ಇವರಿಗೆ. "ನಾಳೆ ಹೇಳ್ಬುಡ್ತೀನಿ ಕಣೇ" ಅಂದರು. ಬೆಳಿಗ್ಗೆ ಶರ್ಟಿನ ಗುಂಡಿ ಎಲ್ಲಾ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು ಅಡುಗೆಮನೆಗೆ ಹೋದರು. ನಾನು ಗಲ್ಲಾದಲ್ಲಿ ಕಾಯುತ್ತಾ ಕೂತಿದ್ದೆ. ಕಾಲು ಗಂಟೆ ಆಯಿತು. ಹೊರಗೆ ಬಂದರು.

"ಹೇಳಿದ್ರಾ?"

"ಹೇಳ್ದೆ."

"ಏನಂದ್ಳು?"

"ಅವಳ್ಗೆ ಸೊಂಟ ನೋವಂತೆ. ಸ್ಟೂಲ್ಗೆ ಒರಗೋ ಬೆನ್ನಿಲ್ಲ. ಕುರ್ಚಿ ತಂದ್ಕೊಡ್ತೀನಿ ಅಂದೆ."

ಕುರ್ಚಿ ಬಂತು. ಹೊಸದು, ಕೈ ಇದ್ದದ್ದು. ಕೊನೆಗೆ ಆ ಪಾಪ ನನ್ನ ತಲೆಗೇ ಕಟ್ಟಿದರು. "ಹೆಂಗಸ್ರು ಹೆಂಗಸ್ರು ಮಾತಾಡ್ಕಳಿ" ಅಂದು ಬೈಕು ಹತ್ತಿ ಹೋಗಿಬಿಟ್ಟರು. ಸಂಕ್ರಾಂತಿ ಆದ ಮಾರನೇ ದಿನ ಅದು, ಹೋಟೆಲಿನ ತುಂಬ ಎಳ್ಳು ಬೆಲ್ಲದ ಪೊಟ್ಟಣಗಳು. ಸಾಕಕ್ಕ ಕುರ್ಚಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು, ಕಾಯಿ ನೋಡುತ್ತಾ ಹೇಳಿದೆ.

"ಸಾಕಕ್ಕ, ನಿಂಗೂ ವಯಸ್ಸಾಯ್ತು. ರಟ್ಟೆ ನೋವು ಅಂತಿದ್ದೆ. ಸ್ವಲ್ಪ ದಿನ ಮನೇಲಿ ರೆಸ್ಟ್ ತಗೋ. ಇಲ್ಲಿ ಹೇಗೂ ಮಿಷಿನ್ ಇದೆ. ಬೇಕಾದಾಗ ನಾನೇ ಹೇಳಿ ಕಳಿಸ್ತೀನಿ."

ಅವಳು ಮಡಿಲಲ್ಲಿದ್ದ ಕಾಯಿ ಪೂರ್ತಿ ಬಿಡಿಸಿದಳು. ಸಿಪ್ಪೆ ಗುಡಿಸಿ ಎಮ್ಮೆಗಳ ಕುಕ್ಕೆಗೆ ಹಾಕಿ ಬಂದಳು. ಆಮೇಲೆ ಮೂಲೆಯಲ್ಲಿದ್ದ ಅವಳ ಮುದ್ದೆ ಕೋಲನ್ನ ತೊಳೆದು, ಟವಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡಳು.

"ಸರಿ ಬುಡವ್ವ, ಬತ್ತೀನಿ" ಅಂದಳು.

ಅವತ್ತು ಅವಳು ಮಧ್ಯಾಹ್ನದ ಬಸ್ಸಿಗೇ ಹೋದಳು. ಹದಿನೇಳು ವರ್ಷದಲ್ಲಿ ಅವಳು ಹೊತ್ತಿಗೆ ಮುಂಚೆ ಹೋದದ್ದು ಅದೊಂದೇ ದಿನ. ನನಗೆ ನಾಚಿಕೆಯಾಯಿತು. ಆದರೂ ಸಂಜೆ ಯಜಮಾನರು "ಹೇಳ್ದಾ?" ಅಂತ ಕೇಳಿದಾಗ "ಹೂಂ, ಖುಷಿಯಾಗೇ ಹೋದ್ಳು" ಅಂದೆ.

ಸಂಬಳ ಉಳಿಯಿತು. ಇನ್ನು ಗೋಡೆಯ ಲೆಕ್ಕ ಸರಿಹೋಗಬೇಕಲ್ಲ? ಹೋಗಲಿಲ್ಲ. ಕಿಂಡಿಯಲ್ಲಿ ಬಗ್ಗಿ ನೋಡೋರು ಯಾರೂ ಇರಲಿಲ್ಲ. ಮುದ್ದೆ ಬೀಳೋದು ಬಿದ್ದೇ ಬೀಳೋದು, ಎಮ್ಮೆಗಳು ಮೂರು ಇದ್ದದ್ದು ಐದಾದವು. ಮಿಷಿನ್ನಿಗೆ ಒಂದು ಸಲಕ್ಕೆ ಇಷ್ಟು ಹಿಟ್ಟು ಅಂತ ಹಾಕಲೇಬೇಕು, ಮೂರು ಗಂಟೆಗೆ ಮೂರೇ ಜನ ಬಂದರೆ ನಲವತ್ತು ಮುದ್ದೆ ಮಾಡಬೇಕು. ಕರೆಂಟು ಹೋದರೆ ಒಳಗೆ ಅರ್ಧ ಬೆಂದ ಹಿಟ್ಟು ಗಾರೆ ಹಾಗೆ ಕಚ್ಚಿಕೊಳ್ಳೋದು. ಅದನ್ನ ಕೆರೆಯೋಕೆ ಕೆ.ಆರ್. ಪೇಟೆಯಿಂದ ಮೆಕ್ಯಾನಿಕ್ಕು ಬರೋನು. ಅವನು ಕೆಲಸ ಮಾಡೋ ಮುಂಚೆ ಊಟ ಮಾಡೋನು, ಅವನದ್ದೂ ದೊಡ್ಡ ಹೊಟ್ಟೆ.

ಎಪ್ಪತ್ತನ್ನ ಎಂಬತ್ತು ಮಾಡಿದೆವು. ಹದಿನೈದು ದಿನಕ್ಕೆ ತೊಂಬತ್ತೈದು ಮಾಡಿದೆವು. ಬೋರೇಗೌಡ ಬೋರ್ಡಿನ ಮುಂದೆ ನಿಂತು ಜೋರಾಗಿ ಓದಿ, ಒಳಗೆ ಬಂದ.

"ಅಲ್ಲ ಕಣಕ್ಕ, ನಂಗೊಂದ್ ಅರ್ಥಾಗಕ್ಕಿಲ್ಲ. ಆಳು ಮಾಡ್ತಿದ್ದಾಗ ಎಂಬತ್ತು. ಆಳು ಕಳ್ಸಿ ಮಿಷಿನ್ ಮಡಗ್ದೆ, ತೊಂಬತ್ತೈದು. ಆ ಮಿಷಿನ್ಗೇನು ನಿಮ್ಮೆಜಮಾನ್ರು ಸಂಬ್ಳ ಕೊಡ್ತಾವ್ರಾ?"

"ಕಂತು ಕೊಡ್ತಾ ಇದೀವಪ್ಪ."

"ಅಂಗಾದ್ರೆ ನಾನ್ ಉಣ್ಣೋದು ರಾಗಿ ಇಟ್ಟಲ್ಲ ಬುಡು, ನಿಮ್ ಕಂತು" ಅಂದು ಎದ್ದು ಹೋದ. ಬೈದು ಹೋಗಿದ್ದರೆ ತಡಕೊಳ್ಳುತ್ತಿದ್ದೆ. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಉರಿದುಹೋಯಿತು. ಅವನ ಹಿಂದೆ ಟ್ರಾಕ್ಟರಿನವರೂ ಹೋದರು. ಕಮ್ಮಿ ಉಣ್ಣೋರು ಮೊದಲೇ ಹೋಗಿದ್ದರು, ಈಗ ಜಾಸ್ತಿ ಉಣ್ಣೋರೂ ಹೋದರು. ಎಂಟು ಟೇಬಲ್ಲಿನಲ್ಲಿ ಆರು ಖಾಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗೋ ಹೊತ್ತಿಗೆ ನಮ್ಮ ಯಜಮಾನರೂ ಶಿವಶಿವಾ ಅಂದರು. ಮಿಷಿನ್ನು ಮಾರೋಣ ಅಂತ ಅವರಿಗೆ ಇವರಿಗೆ ಹೇಳಿದರು. ಶ್ರೀರಂಗಪಟ್ಟಣದಿಂದ ಒಬ್ಬ ಬಂದು, ನೋಡಿ, ಟೀ ಕುಡಿದು ಹೋದ. ಪಾಲಹಳ್ಳಿಯಿಂದ ಇನ್ನೊಬ್ಬ ಬಂದು ಇದರಲ್ಲಿ ಹಸುವಿನ ಹಿಂಡಿ ಕಲಸಬಹುದಾ ಅಂತ ಕೇಳಿದ. ಮೂರನೇ ವಾರ ಬಾಗಿಲಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಮುಂದಿನ ಸೀಟಿನಿಂದ ಇಳಿದದ್ದು ಸಾಕಕ್ಕ.

"ಮಿಷಿನ್ ಕೊಡ್ತೀರಂತೆ?" ಅಂದಳು.

ಯಜಮಾನರು ಗಲ್ಲಾ ಹಿಡಿದುಕೊಂಡು ನಿಂತರು. "ಯಾರಿಗಕ್ಕ?"

"ನಂಗೆ ಕಣಪ್ಪ. ಚೀಟಿ ಎತ್ತಿವ್ನಿ."

ವ್ಯಾಪಾರ ಶುರುವಾಯಿತು. ಎರಡು ತಿಂಗಳು ಪಕ್ಕದಲ್ಲೇ ಕೂತು ಅದನ್ನೇ ನೋಡಿದವಳು ಅವಳು. ಒಳಗಿನ ತಿರುವೋ ಕೈ ಎಡಕ್ಕೆ ವಾಲಿದೆ, ಬೆಲ್ಟು ಸವೆದಿದೆ, ನೀರು ಮೊದಲು ಕುದ್ದ ಮೇಲೆ ಹಿಟ್ಟು ಹಾಕಬೇಕು, ನೀವು ಒಟ್ಟಿಗೆ ಹಾಕಿ ಮೋಟರು ಸುಟ್ಟಿರಿ, ಒಂದೊಂದೇ ಬೆರಳು ಮಡಚಿಕೊಂಡು ಹೇಳಿದಳು. ಒಂದೊಂದು ಬೆರಳಿಗೆ ಇವರು ಒಂದೊಂದು ಸಾವಿರ ಇಳಿದರು. ಕೊನೆಗೆ ಅರ್ಧಕ್ಕಿಂತ ಕಮ್ಮಿಗೆ ಮುಗಿಯಿತು. ಕಂತು ತೀರಿಸೋಕೆ ನನ್ನ ಒಂದು ಜೊತೆ ಬಳೆ ಹೋಯಿತು, ಅದು ಬೇರೆ ಕಥೆ.

"ಅಲ್ಲ ಸಾಕಕ್ಕ, ಕುಲ್ಡು ಅಂತಿದ್ದೆ, ಈಗ ನಿಂಗ್ಯಾಕೆ ಇದು?" ಅಂದರು ಇವರು, ಸೋತ ದನಿಯಲ್ಲಿ.

"ತಿರುವಕ್ಕೆ. ತಿರುವೋದು ಕತ್ತೆ ಚಾಕ್ರಿ, ರಟ್ಟೆ ಬಿದ್ದೋಗದೆ ನಂಗೆ. ಅದ್ನ ಅದು ಮಾಡ್ಲಿ. ಆ ಉಂಡೆ ಬೀಳೋ ತೂತಿಗೆ ಒಂದು ತಗ್ಡು ಒಡ್ಸಿ ಮುಚ್ಬುಡ್ತೀನಿ. ಕಟ್ಟೋದು ನಾನ್ ಕಟ್ತೀನಿ."

ಇವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಗೋಡೆ ನೋಡಿದರು. ಇಷ್ಟು ಸಣ್ಣ ವಿಷಯ ನಮಗೆ ಇಬ್ಬರಿಗೂ ಹೊಳೆದಿರಲಿಲ್ಲ. ಆಟೋ ಹೋದ ಮೇಲೆ ನಾನು ಒದ್ದೆ ಬಟ್ಟೆ ತಗೊಂಡು ಆ ಗೋಡೆ ಒರೆಸಿದೆ.

ಯುಗಾದಿ ಮುಗಿದ ವಾರ ಒಬ್ಬಳೇ ತೊಣ್ಣೂರಿಗೆ ಬಸ್ಸು ಹತ್ತಿದೆ. ಕೆರೆ ನೋಡೋಕೆ ಬಂದ ಮೈಸೂರಿನ ಕಾರುಗಳು ರಸ್ತೆ ಪಕ್ಕ ನಿಂತಿದ್ದವು, ಗದ್ದೆ ಕೆಲಸದವರು ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ಎಲ್ಲರೂ ಹೋಗುತ್ತಿದ್ದದ್ದು ಸಾಕಕ್ಕನ ಮನೆ ಜಗಲಿಗೆ. ಊಟಕ್ಕೆ ಅರವತ್ತು ರೂಪಾಯಿ. ಒಳಗೆ ನಮ್ಮ ಮಿಷಿನ್ನು ಗುರ್ ಅಂತ ತಿರುಗುತ್ತಿತ್ತು, ಅದರ ಮುಂದೆ ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು. ಜಗಲಿಯ ತುದಿಯಲ್ಲಿ ಬೋರೇಗೌಡ ಎಳನೀರು ಗಾತ್ರದ್ದನ್ನ ಮುರಿಯುತ್ತಾ ಕೂತಿದ್ದ. ನನ್ನ ನೋಡಿ, "ಬಾರಕ್ಕ, ಕೂತ್ಕೋ. ಇಲ್ಲಿ ಕಂತಿಲ್ಲ" ಅಂದ. ಕ್ಯಾತನಹಳ್ಳಿಯಿಂದ ಇಷ್ಟು ದೂರ ಉಣ್ಣೋಕೆ ಬಂದಿದ್ದ, ಪಾಪಿ.

ಜನ ಕಮ್ಮಿಯಾಗೋ ತನಕ ಕಾದೆ. ಆಮೇಲೆ ಒಳಗೆ ಹೋಗ್ತಿದ್ದ ಹಾಗೆ ನನ್ನ ಬಾಯಿಂದ ಬಂದದ್ದು, "ಸಾಕಕ್ಕ, ಮಿಷಿನ್ ತಂದು ನಿನ್ನ ಕೆಲ್ಸ ಕಳೆದೆ. ತಪ್ಪಾಯ್ತು ಕಣಕ್ಕ."

ಅವಳು ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು.

"ಮಿಷಿನ್ದೇನು ಜಯವ್ವ? ಇವತ್ತು ನಿನ್ ತಾವ ಇತ್ತು, ನಾಳೆ ನನ್ ತಾವ. ಅದ್ಕೆ ನಂಗೆ ಬ್ಯಾಸ್ರಿಲ್ಲ. ಕೆಲ್ಸ ಬ್ಯಾಡ ಅನ್ನೋದೂ ಇರ್ತದೆ, ಕೈಲಾಗ್ದೋರು ಎಷ್ಟು ದಿನ ಸಂಬ್ಳ ಕೊಟ್ಟಾರು. ನೀನು ಅವರೆಕಾಯಿ ನೋಡ್ಕಂಡು ಯೋಳ್ದಲ್ಲ, ಅದು ಕಣವ್ವ. ಹದ್ನೇಳು ವರ್ಸ ನಾನು ಒಬ್ರಿಗೂ ಮೊಕ ನೋಡ್ದೆ ಮುದ್ದೆ ಕಟ್ಟಿಲ್ಲ. ನೀನು ನನ್ ಮೊಕ ನೋಡ್ದೆ ವೋಗು ಅಂದ್ಬುಟ್ಟೆ."

ನನಗೆ ಅಳು ಬಂತು, ಸೆರಗು ಹುಡುಕೋಕೂ ಹೊತ್ತು ಕೊಡದೆ ಬಂತು. ಈ ಸಲ ಎಲ್ಲಿ ನೋಡಲಿ ಅಂತ ಗೊತ್ತಾಗದೆ ಅವಳ ಮುಖವನ್ನೇ ನೋಡಿಕೊಂಡು ಅತ್ತೆ. ಅವಳೂ ನನ್ನನ್ನ ಒಂದು ಗಳಿಗೆ ನೋಡಿದಳು. ಆಮೇಲೆ ಕೈ ನೀರಿಗೆ ಅದ್ದಿ, ಮಿಷಿನ್ನಿನ ಬಾಯಿಂದ ಹಿಟ್ಟು ತೆಗೆದು, ನಿಂಬೆಹಣ್ಣಿಗಿಂತ ಒಂದೀಟು ದೊಡ್ಡದು ಕಟ್ಟಿ, ಸಾರು ಬಿಟ್ಟು ನನ್ನ ಮುಂದೆ ಇಟ್ಟಳು.

"ಅಳೋರ ಗಂಟ್ಲಾಗೆ ದೊಡ್ಡದು ಇಳಿಯಾಕಿಲ್ಲ. ಉಣ್ಣವ್ವ."